ಕೇಶರಬಾಯಿಯ ಬಾಗಿಲ ಮುಂದಿನ ಲಾರಿ

ನಮ್ಮ ಓಣಿಯಲ್ಲಿ ಕೇಶರಬಾಯಿಯ ಬಾಯಿಗೆ ಹೆದರದವರಿಲ್ಲ. ನಾನೂ ಹೆದರುತ್ತೇನೆ. ಆಕೆಯ ರವಿಕೆಯ ತೋಳು ಸ್ವಲ್ಪ ಬಿಗಿಯಾದರೆ ಸಾಕು, ನಾನು ಹೊಲಿಗೆ ಕಲಿತದ್ದೇ ದಂಡ ಎಂದು ಇಡೀ ಓಣಿಗೆ ಕೇಳುವ ಹಾಗೆ ಹೇಳುತ್ತಾಳೆ. ನನ್ನ ಹೊಲಿಗೆ ಮಷಿನ್ ಇರುವುದು ಆಕೆಯ ಮನೆಯ ಎದುರಿನ ಕಿಟಕಿಯ ಪಕ್ಕ. ಹೀಗಾಗಿ ಆಕೆ ಯಾರ ಮೇಲೆ ಯಾವಾಗ ಹರಿಹಾಯ್ದಳು ಎಂಬ ಲೆಕ್ಕ ಬೇಕಾದರೆ ನನ್ನನ್ನು ಕೇಳಬೇಕು. ಕಳೆದ ಕೆಲವು ವರ್ಷ ಆ ಸಿಟ್ಟಿನ ದೊಡ್ಡ ಪಾಲು ಒಂದು ಲಾರಿಗೆ ಮೀಸಲಾಗಿತ್ತು.

ಬಸವಕಲ್ಯಾಣದವರಿಗೆ ಲಾರಿ ಹೊಸದಲ್ಲ. ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಬಾಡಿ ಕಟ್ಟುತ್ತಾನೆ, ಮತ್ತೊಬ್ಬ ಟೈರಿನ ಅಂಗಡಿ ಇಟ್ಟಿರುತ್ತಾನೆ. ನಮ್ಮ ಓಣಿಯ ದೇವಿದಾಸ ಬೇರೆಯವರ ಗಾಡಿ ಓಡಿಸಿ ಓಡಿಸಿ, ಕೊನೆಗೆ ತನ್ನದೇ ಆದ ಹಳೆಯ ಹತ್ತು ಚಕ್ರದ ಲಾರಿಯೊಂದನ್ನು ಕೊಂಡ. ಅವನ ಹೆಂಡತಿ ಮುಕ್ತಾಬಾಯಿ ಮನೆಮನೆಗೆ ಪೇಡೆ ಹಂಚಿದಳು. ಆದರೆ ಅವರ ಮನೆ ಓಣಿಯ ತೀರ ಒಳಗೆ. ಅಲ್ಲಿ ಎರಡು ಮೋಟಾರ್ ಸೈಕಲ್ ಎದುರಾದರೆ ಒಂದು ನಿಂತು ದಾರಿ ಬಿಡಬೇಕು. ಓಣಿ ಒಂಚೂರು ಅಗಲವಾಗಿರುವುದು ರಸ್ತೆಯಿಂದ ಕೇಶರಬಾಯಿಯ ಮನೆಯವರೆಗೆ ಮಾತ್ರ. ಹೆದ್ದಾರಿಯ ಬದಿಗೆ ನಿಲ್ಲಿಸಿ ಬಂದಾಗ ಯಾರೋ ಬ್ಯಾಟರಿಯನ್ನೇ ಬಿಚ್ಚಿಕೊಂಡು ಹೋದರು. ಹಾಗಾಗಿ ಲಾರಿ ಆಕೆಯ ಬಾಗಿಲಿಗೆ ಬಂತು. ಬಂದ ಮೊದಲ ದಿನವೇ ಹಿಂದಿನ ಚಕ್ರ ಆಕೆಯ ಚರಂಡಿಯ ಮೇಲೆ ಹಾಸಿದ್ದ ಫರ್ಶಿ ಕಲ್ಲನ್ನು ಒಡೆಯಿತು.

ಆ ಜಗಳವನ್ನು ನಾನು ಬರೆಯುವುದಿಲ್ಲ, ಬರೆಯುವಂಥದ್ದೂ ಅಲ್ಲ. ದೇವಿದಾಸನದು ಬೌದ್ಧರ ಮನೆ, ಆಕೆಯದು ಹಿಂದೂ ರೈತರ ಮನೆ. ಜಗಳಕ್ಕೆ ಬೇರೆ ಬಣ್ಣ ಹಚ್ಚಲು ಒಬ್ಬ ಪುಣ್ಯಾತ್ಮ ಮುಂದೆ ಬಂದ. ಕೇಶರಬಾಯಿ ಅವನಿಗೆ ಹೇಳಿದಳು: "ನನ್ನ ಜಗಳ ಲಾರಿ ಜೋಡಿ ಅದ, ಜಾತಿ ಜೋಡಿ ಅಲ್ಲ. ನಡುವ ಬಾಯಿ ಹಾಕಿದ್ರ ಮೊದಲ ನಿನ್ನ ಗ್ರಾಚಾರ ಬಿಡಸ್ತೀನಿ." ಅವನು ಮನೆಗೆ ಹೋದ. ಆದರೆ ಅಂದಿನಿಂದ ಆಕೆಗೂ ದೇವಿದಾಸನಿಗೂ ಮಾತು ಬಂದ್.

ಮಾತು ಬಂದ್ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಓಣಿಗೆ ಒಂದೇ ಬಾಯಿ. ಒಳಗೆ ತಿರುಗಿಸಲು ಜಾಗವಿಲ್ಲ, ಲಾರಿ ರಿವರ್ಸ್‌ನಲ್ಲೇ ಬರಬೇಕು. ಹಿಂದೆ ನಿಂತು ದಾರಿ ಹೇಳುವ ಕ್ಲೀನರ್ ಮಹಾಶಯ ಫೋನಿನಲ್ಲಿ ಮುಳುಗಿರುತ್ತಿದ್ದ. ಎರಡನೆಯ ಫರ್ಶಿಯೂ ಹೋದೀತು ಎಂಬ ಭಯಕ್ಕೆ ಕೇಶರಬಾಯಿಯೇ ಸೆರಗು ಸಿಕ್ಕಿಸಿ ಲಾರಿಯ ಹಿಂದೆ ನಿಂತಳು. "ಬರ್ಲಿ... ಬರ್ಲಿ... ಬರ್ಲಿ... ಬಸ್!" ಬಸ್ ಎಂದರೆ ನಮ್ಮಲ್ಲಿ ಸಾಕು ಎಂದು ಅರ್ಥ. ಆ ಬಸ್ ಬಿದ್ದ ಕೂಡಲೇ ಲಾರಿ ನಿಲ್ಲುತ್ತಿತ್ತು, ಆಕೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಮುಂದೆ ಕ್ಲೀನರ್ ಕೆಲಸ ಬಿಟ್ಟು ಹೋದ, ಕೇಶರಬಾಯಿ ಬಿಡಲಿಲ್ಲ. ಲಾರಿ ಬಂದಾಗಲೆಲ್ಲ ಹೊರಗೆ ಬಂದು ಕೂಗುತ್ತಿದ್ದಳು. ಅದರಾಚೆಗೆ ಒಂದು ಅಕ್ಷರ ಇಲ್ಲ, ಆ ಕಡೆಯಿಂದಲೂ ಇಲ್ಲ. ನಾವು ಸೆರಗು ಬಾಯಿಗಿಟ್ಟು ನಗುತ್ತಿದ್ದೆವು.

ಹೀಗಿರುವಾಗ ಆಕೆ ಹೊಸ ದೂರು ತೆಗೆದಳು. ಲಾರಿ ತನ್ನ ಮನೆಯ ಬೆಳಕು ತಿನ್ನುತ್ತಿದೆ ಎಂದಳು. ಮೊದಮೊದಲು ನಾವೂ ಹೌದೌದು ಎಂದೆವು, ಅಷ್ಟು ದೊಡ್ಡ ಗಾಡಿ ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಕಡಿಮೆಯಾಗದೆ ಇರುತ್ತದೆಯೇ? ಆದರೆ ಬರಬರುತ್ತ ಜೋಳ ಹಸನು ಮಾಡುವಾಗ ಹರಳುಕಲ್ಲು ಉಳಿಯತೊಡಗಿದವು. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಹತ್ತಿರ ಬರತೊಡಗಿದಳು. ಲಾರಿ ಬಾಡಿಗೆಗೆ ಹೋಗಿದ್ದ ದಿನವೂ ಬರುತ್ತಿದ್ದಳು. ಕತ್ತಲೆ ಎಲ್ಲಿದೆ ಎಂಬುದು ನಮಗೆಲ್ಲ ತಿಳಿಯಿತು. ಕಣ್ಣಿಗೆ ಪೊರೆ ಬರುತ್ತಿತ್ತು.

ಸೊಸೆ ವರ್ಷಾ ಒಂದು ಸಲ ಧೈರ್ಯ ಮಾಡಿದಳು. "ಅತ್ತಿ, ಜರಾ ಡಾಕ್ಟರಿಗೆ ಕಣ್ಣು ತೋರಸೋಣೇನ್ರಿ?"

"ನನ್ನ ಕಣ್ಣಿಗೇನಾಗ್ಯಾದ? ಆ ಲಾರಿ ತೆಗಸು, ಎಲ್ಲಾ ಕಾಣ್ತದ."

ಆ ಮಾತಿನ ಹಿಂದೆ ಹಟಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಚಿಟಗುಪ್ಪದಲ್ಲಿರುವ ಆಕೆಯ ಅಕ್ಕ ದ್ರೌಪತಿಗೆ ಆಪರೇಷನ್ ಆದಮೇಲೆ ಒಂದು ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆಯನ್ನು ಕಡೆಗಣಿಸಿದ್ದರಿಂದ ಹಾಗಾಯಿತು ಎಂದು ಎಲ್ಲರೂ ಹೇಳಿದರು. ಕೇಶರಬಾಯಿ ಕೇಳಿಸಿಕೊಳ್ಳಲಿಲ್ಲ. ಕತ್ತಲೆಗೆ ಲಾರಿ ಕಾರಣವಾಗಿರುವವರೆಗೆ ಆಕೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಹೀಗೆಯೇ ಬಿಟ್ಟರೆ ಈಕೆ ಕುರುಡಿಯಾಗುತ್ತಾಳಲ್ಲ ಎಂದು ಮಷಿನ್ ತುಳಿಯುತ್ತ ಯೋಚಿಸುತ್ತಿದ್ದೆ, ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆಕೆ ನಗರಸಭೆಗೆ ಅರ್ಜಿ ಕೊಟ್ಟಳು, ಪೊಲೀಸರಿಗೂ ಹೇಳಿದಳು. ಓಣಿಯೊಳಗೇ ಬಗೆಹರಿಸಿಕೊಳ್ಳಿ ಎಂದು ಅವರು ಕಳಿಸಿದರು. ಒಂದು ಭಾನುವಾರ ಬೆಳಿಗ್ಗೆ ಓಣಿಯ ಹಿರಿಯ ಸೂರ್ಯಕಾಂತರ ಕಟ್ಟೆಯ ಮೇಲೆ ಎಲ್ಲರೂ ಸೇರಿದೆವು. ಕೇಶರಬಾಯಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಹಾಕಿದಳು. ಫರ್ಶಿ, ಹೊಗೆ, ಲಾರಿಯ ಕೆಳಗೆ ನುಸುಳುವ ಮಕ್ಕಳು, ಕೊನೆಗೆ ಕತ್ತಲೆ. ದೇವಿದಾಸ ತಲೆ ತಗ್ಗಿಸಿ ಎಲ್ಲ ಕೇಳಿ ಎದ್ದು ನಿಂತ.

"ಸೂರ್ಯಕಾಂತಣ್ಣ, ಇವತ್ತೇ ಲಾರಿ ತೆಗೀತೀನಿ. ಒಂದು ವಾರ ಓಣ್ಯಾಗ ತರಂಗಿಲ್ಲ. ಕೇಶರ ಕಾಕಿ ಮನ್ಯಾಗ ಬೆಳಕು ಬಂತಂದ್ರ ಮತ್ತ ಎಂದೂ ತರಂಗಿಲ್ರಿ. ಬರಲಿಲ್ಲಂದ್ರ, ಕಾಕಿ ಹುಮನಾಬಾದಿನ ಕಣ್ಣಿನ ದವಾಖಾನಿಗಿ ಬರಬೇಕು. ಇಷ್ಟೇ ನಂದು."

ನಾವು ಬಾಯಿ ಬಿಡಲು ಹೆದರಿದ ಮಾತನ್ನು ಆಕೆಯ ವೈರಿ ನಾಲ್ಕು ಜನರ ಎದುರು ಆಡಿಬಿಟ್ಟಿದ್ದ.

"ಹುಮನಾಬಾದ ಯಾಕ, ಕಾಶಿಗೂ ಬರ್ತೀನಿ ಅಂತ ಹೇಳ್ರಿ ಅವಗ. ಮೊದಲ ಲಾರಿ ತೆಗೀಲಿ!" ಎಂದಳು ಕೇಶರಬಾಯಿ. ಮಾತಿಗೆ ಎಂದಿನ ಖಾರವಿತ್ತು. ಆದರೆ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು.

ಲಾರಿ ಹೋಯಿತು. ಮರುದಿನ ಬೆಳಗಿನ ಬಿಸಿಲು ನೇರ ಆಕೆಯ ನಡುಮನೆಯವರೆಗೆ ನುಗ್ಗಿತು. ನನ್ನ ಕಿಟಕಿಯಿಂದಲೇ ಆಕೆಯ ಗೋಡೆಯ ಮೇಲಿನ ಫೋಟೋಗಳು ಕಾಣುತ್ತಿದ್ದವು. ಕೇಶರಬಾಯಿ ಮೊರದಲ್ಲಿ ಜೋಳ ಹಾಕಿಕೊಂಡು ಹೊಸ್ತಿಲ ಬಳಿ ಕುಳಿತಳು. ಸ್ವಲ್ಪ ಹೊತ್ತಿಗೆ ಕೇಳಿದಳು, "ವರ್ಷಾ, ಇವತ್ತು ಮೋಡ ಮುಚ್ಯಾವೇನ?" ಹೊರಗೆ ತಲೆ ಸುಡುವ ಬಿಸಿಲು. ವರ್ಷಾ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಅದರ ಮರುದಿನ "ಬಾಗಿಲಾ ತೆರಿ" ಎಂದಳು. ಬಾಗಿಲು ತೆರೆದೇ ಇತ್ತು.

ಆಗ ಆಕೆ ಎದ್ದು ಹೊರಗೆ ಬಂದಳು. ಲಾರಿ ನಿಲ್ಲುತ್ತಿದ್ದ ಜಾಗಕ್ಕೆ ನಡೆದು ಹೋಗಿ ಕೈ ಚಾಚಿದಳು. ಕೈಗೆ ಏನೂ ತಾಗಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಚಾಚಿದಳು. ನಾನು ಮಷಿನ್ ನಿಲ್ಲಿಸಿ ಓಡಿ ಹೋದೆ.

"ಲಾರಿ ಖರೇನ ಇಲ್ಲೇನ?" ಎಂದು ನನ್ನನ್ನು ಕೇಳಿದಳು.

"ಇಲ್ರಿ ಕಾಕಿ. ಹೋಗಿ ಎರಡು ದಿನಾತು."

ಆಕೆ ಅಲ್ಲೇ ಫರ್ಶಿಯ ಮೇಲೆ ಕುಳಿತುಬಿಟ್ಟಳು. ಆ ಬಾಯಿ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು, ನೋಡಬಾರದಿತ್ತು ಅನ್ನಿಸಿತು. ಆಮೇಲೆ "ಅವನ್ನ ಕರಿ" ಎಂದಳು.

ದೇವಿದಾಸ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಆಕೆ ತಲೆ ಎತ್ತದೆ ಕೇಳಿದಳು, "ನನ್ನ ಕಣ್ಣಿಂದು ನಿನಗ ಹ್ಯಾಂಗ ಗೊತ್ತಾತು?"

"ನಿಮ್ಮ ಬಸ್ ತಡಾ ಆಗಿ ಬರಾಕತ್ತಿತ್ತು ಕಾಕಿ. ಮೊದಲ ಚಕ್ರ ಫರ್ಶಿಗಿ ಮೊಳ ದೂರ ಇದ್ದಾಗ ಬಸ್ ಅಂತಿದ್ರಿ. ಆಮ್ಯಾಲ ಗೇಣಿಗಿ ಬಂತು. ದೀಪಾವಳಿ ಮುಂದ, ನಾ ಬ್ರೇಕ್ ಹಾಕಿ ನಿಂತ ಮ್ಯಾಲ ನೀವು ಬಸ್ ಅಂದ್ರಿ."

"ಬ್ರೇಕ್ ನೀನೇ ಹಾಕ್ತಿದ್ದಿ?"

"ಹೌದ್ರಿ. ಕನ್ನಡ್ಯಾಗ ಅಂದಾಜು ಹಿಡಿದು ಹಾಕ್ತಿದ್ದೆ. ಆದ್ರ ನೀವು ಬಸ್ ಅನ್ನೂತನಕ ಇಂಜಿನ್ ಬಂದ್ ಮಾಡ್ತಿರಲಿಲ್ಲ."

"ಇಷ್ಟು ದಿನಾ ಹೇಳಲಿಲ್ಲ ಯಾಕ?"

ದೇವಿದಾಸ ತಲೆ ಕೆರೆದುಕೊಂಡ. "ನಮ್ಮದು ಮಾತು ಬಂದ್ ಇತ್ತಲ್ರಿ ಕಾಕಿ."

ಕೇಶರಬಾಯಿ ಒಮ್ಮೆಲೇ ನಕ್ಕಳು, ನಗುತ್ತಲೇ ಅತ್ತಳು. ಅಕ್ಕನ ಕಣ್ಣಿನ ವಿಷಯ, ತನ್ನ ಹೆದರಿಕೆ, ಎಲ್ಲವನ್ನೂ ಅವನ ಮುಂದೆ ಬಿಚ್ಚಿಟ್ಟಳು. ಮನೆಯವರು, ನೆರೆಯವರು ಕೇಳಿದರೂ ಹೇಳದ ಮಾತುಗಳು ಅವು. ಅವನು ಪೂರ್ತಿ ಕೇಳಿದ. ಕೊನೆಗೆ, "ಮೊದಲ ಸಕ್ಕರಿ ತಪಾಸಣಿ ಮಾಡಸೋಣ್ರಿ. ಡಾಕ್ಟರ್ ಬ್ಯಾಡ ಅಂದ್ರ ನಾನೇ ವಾಪಸ್ ಕರಕೊಂಡು ಬರ್ತೀನಿ" ಎಂದ.

ಮಗ ಸಂತೋಷಕುಮಾರ ಕಾರು ಗೊತ್ತುಮಾಡಿದ್ದ. ಕೇಶರಬಾಯಿ ಲಾರಿಯಲ್ಲೇ ಬರುತ್ತೇನೆ ಎಂದಳು. ಕೆಳಗಿನಿಂದ ವರ್ಷಾ ಮತ್ತು ಮುಕ್ತಾಬಾಯಿ ನೂಕಿ, ಮೇಲಿನಿಂದ ದೇವಿದಾಸ ಎಳೆದು, ಆಕೆ ನಮಗೆಲ್ಲ ಬೈಯುತ್ತ ಕ್ಯಾಬಿನ್ ಏರಿದ ವೈಭವ ನಾನು ಸಾಯುವವರೆಗೆ ಮರೆಯುವುದಿಲ್ಲ. ಸಂತೋಷಕುಮಾರ ಪಕ್ಕದಲ್ಲಿ ಕುಳಿತ. ಹುಮನಾಬಾದಿನಲ್ಲಿ ಸಕ್ಕರೆ ಇಲ್ಲ ಎಂದು ತಿಳಿಯಿತು. ಅದೇ ವಾರ ಬಲಗಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿಸಿಕೊಂಡು ಕಪ್ಪು ಕನ್ನಡಕ ಹಾಕಿ ಮನೆಗೆ ಬಂದ ದಿನ, ಪಂಥ ಗೆದ್ದ ಲಾರಿ ತನ್ನ ಹಳೆಯ ಜಾಗದಲ್ಲಿ ನಿಂತಿತ್ತು. ಆಕೆ ಅದನ್ನು ಬುಡದಿಂದ ತುದಿಯವರೆಗೆ ನೋಡಿದಳು. ಚಕ್ರದ ಬದಿಗೆ ಗೋಡೆಗೆ ಮೈ ಒತ್ತಿಕೊಂಡು ಶಾಲೆಯಿಂದ ಬರುತ್ತಿದ್ದ ಹುಡುಗಿಯರನ್ನೂ ನೋಡಿದಳು. ಸಂಜೆ ಎಲ್ಲರನ್ನೂ ಮತ್ತೆ ಕಟ್ಟೆಗೆ ಕರೆಸಿದಳು.

"ಕತ್ತಲಿ ನನ್ನ ಕಣ್ಣಾಗ ಇತ್ತು. ಅದಕ್ಕ ಲಾರಿಗೆ ಬೈದದ್ದು ನನ್ನ ತಪ್ಪು" ಎಂದಳು. ದೇವಿದಾಸ ಏನೋ ಹೇಳಲು ಹೋದ. "ತಡಿ, ಇನ್ನಾ ಮುಗಿದಿಲ್ಲ. ಇವತ್ತು ಕಣ್ಣು ತುಂಬ ನೋಡೀನಿ. ಇದು ಭಾಳ ದೊಡ್ಡದದ. ಈ ಓಣ್ಯಾಗ ಇದು ಇರಬಾರದು. ಅದೂ ಖರೇನ."

ಈ ಸಲ ಆಕೆ ಅರ್ಜಿ ಕೊಡಲಿಲ್ಲ. ಹೆದ್ದಾರಿಯ ಬದಿಗೆ ಆಕೆಯ ಮೈದುನ ತುಳಜಾರಾಮನ ಹೊಲದ ಮನೆ ಇದೆ, ಮುಂದೆ ತಂತಿ ಬೇಲಿಯ ಅಂಗಳ. ಮರುದಿನವೇ ದೇವಿದಾಸನನ್ನು ಕರೆದುಕೊಂಡು ಹೋದಳು. ತುಳಜಾರಾಮ ಹ್ಞೂಂ ಹ್ಞಾಂ ಎಂದು ಎಳೆದಾಡಿದ. "ನಿನ್ನ ಸೋಯಾ ಚೀಲ ಬಾಜಾರಕ್ಕ ಇವನೇ ಒಯ್ತಾನ. ಇವನ ಬ್ಯಾಟರಿ ನೀ ಕಾಯಿ. ಮುಗೀತು" ಎಂದಳಂತೆ. ಆ ಬಾಯಿಯ ಮುಂದೆ ಮೈದುನನಾದರೂ ಏನು ಮಾಡಿಯಾನು? ವರ್ಷಗಟ್ಟಲೆ ಜಗಳವಾಡಿದರೂ ಕದಲದ ಲಾರಿ ಒಂದೇ ಮಧ್ಯಾಹ್ನದಲ್ಲಿ ಜಾಗ ಬದಲಿಸಿತು.

ಈಗ ದೇವಿದಾಸ ಲಾರಿಯನ್ನು ಅಲ್ಲಿ ಬಿಟ್ಟು ನಡೆದುಕೊಂಡು ಬರುತ್ತಾನೆ. ಎಡಗಣ್ಣಿನ ಆಪರೇಷನ್ನಿಗೆ ಕೇಶರಬಾಯಿ ತಾನೇ ದಿನ ಗೊತ್ತುಮಾಡಿಸಿಕೊಂಡಿದ್ದಾಳೆ. ಮೊನ್ನೆ ಹೈದರಾಬಾದಿನ ಬಾಡಿಗೆ ಮುಗಿಸಿ ಅವನು ಓಣಿಯ ಆ ತುದಿಯಲ್ಲಿ ತಿರುಗಿದ. ನನಗಿನ್ನೂ ಯಾರೋ ಬರುತ್ತಿದ್ದಾರೆ ಎಂದಷ್ಟೇ ಕಂಡಿತ್ತು. ಹೊಸ್ತಿಲಲ್ಲಿ ಕುಳಿತಿದ್ದ ಕೇಶರಬಾಯಿ ಜೋಳದ ಮೊರ ಬದಿಗಿಟ್ಟು ಅಲ್ಲಿಂದಲೇ ಕೂಗಿದಳು:

"ದೇವಿದಾಸಾ, ಮುಖ ಯಾಕ ಬಾಡ್ಯಾದೋ? ದಾರ್‍ಯಾಗ ಉಂಡಿಲ್ಲೇನ?"