ಹಗೇವು ತೆಗೆಯುವವನು

ನಮ್ಮೂರಿನಲ್ಲಿ ಜೋಳ ತುಂಬಿಟ್ಟ ಹಗೇವು ತೆಗೆಯಲು ಒಬ್ಬನೇ ಇದ್ದ. ನೆಲದೊಳಗಿನ ಆ ಕಣಜಕ್ಕೆ ಮೊದಲು ದೀಪ ಇಳಿಬಿಡುತ್ತಿದ್ದ. ಅದು ಆರದಿದ್ದರೆ ತಾನು ಇಳಿಯುತ್ತಿದ್ದ. ದಾರಿಯಲ್ಲಿ ಹೋಗುವಾಗಲೂ ಕೋಲಿನಿಂದ ನೆಲ ಕುಟ್ಟಿ, “ನೆಲ ಸುಳ್ಳ ಹೇಳಂಗಿಲ್ರಿ” ಎನ್ನುತ್ತಿದ್ದ. ಯಾರ ಜೋಳ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಅವನನ್ನು ಯಾರೂ ನಂಬುತ್ತಿರಲಿಲ್ಲ, ನಾನೂ ಸಹ.

ನಿಜಾಮರ ಕಾಲ. ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಜೋಳದ ವಸೂಲಿಗೆ ಬಂದ ಕಂದಾಯ ಅಧಿಕಾರಿ, ಗಿರ್ದಾವರ, ಅವನನ್ನೇ ಮುಂದಿಟ್ಟುಕೊಂಡು ಓಣಿ ಸುತ್ತಿದ. ನಮ್ಮ ಅಂಗಳದಲ್ಲಿ, ಸರಿಯಾಗಿ ಹಗೇವಿನ ಮೇಲೆಯೇ ಕೋಲು ಬಿತ್ತು. ಅಜ್ಜಿ ಹೊಸ್ತಿಲಿಗೆ ಬಂದು ನಿಂತಳು.

“ಗಟ್ಟಿ ನೆಲ ಐತ್ರಿ, ಸಾಹೇಬ್ರ,” ಎಂದ ಅವನು.

ಹೀಗೆಯೇ ಎಲ್ಲರ ಮನೆ ದಾಟಿ, ಕೊನೆಗೆ ತನ್ನ ಅಂಗಳದಲ್ಲಿ ನಿಂತು, “ಇಲ್ಲಿ ಟೊಳ್ಳ ಐತ್ರಿ” ಎಂದ. ಅವನ ಜೋಳವೆಲ್ಲ ಗಾಡಿ ಏರಿತು.

ಆ ಸಂಜೆ, ನಮಗೆ ಉಳಿದ ಜೋಳದ ರೊಟ್ಟಿ ಬಡಿಯುತ್ತಲೇ ಅಜ್ಜಿ ಅಂದಳು: “ತನ್ನ ಹಗೇವು ತಾನ ತೋರಿಸ್ಯಾನಂದ್ರ, ಇನ್ನೊಂದು ಎಲ್ಲ್ಯರ ಇಟ್ಟಿರ್ತಾನ.”