ಹತ್ತಿದವರು ಇಳಿಯಲಿ

ಆಸ್ಪತ್ರೆಯ ಲಿಫ್ಟ್ ನಡೆಸುವ ಆ ಮನುಷ್ಯ ಇಪ್ಪತ್ತಾರು ವರ್ಷಗಳಿಂದ ಒಂದು ಮಾತನ್ನು ನಾಲಿಗೆಯ ಮೇಲೆ ತಂದಿರಲಿಲ್ಲ. ‘ಮೇಲಕ್ಕಾ?’ ಎಂಬ ಮಾತು. ಲಿಫ್ಟಿನವನಿಗೆ ಅದು ಅಡುಗೆಯವನಿಗೆ ಉಪ್ಪಿದ್ದ ಹಾಗೆ, ದಿನಕ್ಕೆ ನೂರು ಸಲ ಬೇಕಾಗುವಂಥದು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ, ಸ್ಟ್ರೆಚರಿನಲ್ಲಿ ಗಂಡನನ್ನು ಮಲಗಿಸಿಕೊಂಡು ಬಂದ ಹೆಂಗಸೊಬ್ಬಳನ್ನು ಅವನು, “ಇವ್ರು ಮೇಲಕ್ಕೆ ಹೋಗೋರಾ ಅಮ್ಮಾ?” ಎಂದು ಕೇಳಿಬಿಟ್ಟಿದ್ದ. ಅವಳು ಅವನ ಮುಖ ನೋಡಿ, “ನಿನ್ನ ಬಾಯಿಂದ ಯಾಕಪ್ಪಾ ಅಂಥ ಮಾತು ಬಂತು?” ಎಂದಳು. ಬೈಗುಳವಾಗಿದ್ದರೆ ಮರೆತುಹೋಗುತ್ತಿತ್ತು. ಅವಳು ಕೇಳಿದ್ದು ನಿಜವಾಗಿಯೂ ತಿಳಿಯಬೇಕೆಂದೇ. ಮಾರನೆಯ ದಿನ ಆ ಗಂಡ ಹೋಗಿಬಿಟ್ಟ.

ಅಂದಿನಿಂದ ಅವನು ಕೇಳುವುದು “ಎಷ್ಟನೇ ಮಹಡಿ?” ಎಂದು ಮಾತ್ರ. ನರ್ಸುಗಳು ಅವನಿಗೆ ಮಹಡಿಯಪ್ಪ ಎಂದು ಹೆಸರಿಟ್ಟರು. ಈಗ ಸಂಬಳದ ಗುಮಾಸ್ತನಿಗೂ ಅವನ ನಿಜವಾದ ಹೆಸರು ಥಟ್ಟನೆ ಬಾಯಿಗೆ ಬರುವುದಿಲ್ಲ.

ಲಿಫ್ಟ್ ಹಳೆಯದು. ಎರಡು ಬದಿಗೆ ಮಡಚಿಕೊಳ್ಳುವ ಕಬ್ಬಿಣದ ಜಾಲರಿ ಬಾಗಿಲು, ಎಳೆದರೆ ಹತ್ತುವ ತಳ್ಳಿದರೆ ಇಳಿಯುವ ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಒಂದು ಸ್ಟೂಲು. ಸ್ಟ್ರೆಚರ್ ಒಳಗೆ ಬಂದರೆ ಸ್ಟೂಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಅದಕ್ಕೆ ಆಗಾಗ ನಿಲ್ಲುವ ಚಾಳಿ. ಆಪರೇಷನ್ ಥಿಯೇಟರ್ ಇರುವುದು ನಾಲ್ಕನೆಯದರಲ್ಲಿ. ಹಿಂಬದಿಯಲ್ಲಿ ಇನ್ನೊಂದು ಲಿಫ್ಟ್ ಇದೆ. ಕೊಳೆಬಟ್ಟೆಯೂ, ತೀರಿಹೋದವರೂ ಅದರಲ್ಲಿ ಇಳಿಯುತ್ತಾರೆ. ಹಾಗಾಗಿ ಮಹಡಿಯಪ್ಪ ಸತ್ತವರನ್ನು ಕಂಡವನಲ್ಲ. ತನ್ನ ಜೊತೆ ಹತ್ತಿದವರು ತನ್ನ ಜೊತೆ ಇಳಿಯಲಿಲ್ಲವೆಂದರೆ ಅವನಿಗೆ ಅರ್ಥವಾಗುತ್ತಿತ್ತು, ಅಷ್ಟೆ.

ಬೆಳಗ್ಗೆ ಏಳಕ್ಕೆ ಬಂದು ಹಿತ್ತಾಳೆಯ ಹಿಡಿಯನ್ನು ಒರೆಸಿ, ಜಾಲರಿ ತೆಗೆಯುವ ಮುಂಚೆ ಕಣ್ಣು ಮುಚ್ಚಿ ಒಂದೇ ಸಾಲಿನ ಪ್ರಾರ್ಥನೆ ಮಾಡುತ್ತಿದ್ದ: “ಕರ್ತನೇ, ಇವತ್ತು ಹತ್ತಿದವರು ಇಳಿಯಲಿ.” ಹಿಂದೊಮ್ಮೆ ಚರ್ಚಿನ ಸಭೆಯಲ್ಲಿ ಪಾಸ್ಟರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಕೆಲಸದಲ್ಲಿ ದೇವರಿಗೆ ಏನು ಮಾಡುತ್ತೀರಿ ಹೇಳಿ ಎಂದಿದ್ದರು. ಟೀಚರಮ್ಮ ಮಕ್ಕಳ ವಿಷಯ ಹೇಳಿದರು, ಬಡಗಿ ಅಳತೆಯ ವಿಷಯ ಹೇಳಿದ. ಇವನು ಎದ್ದು, “ನಾನು ಜನರನ್ನ ಹತ್ತಿಸ್ತೀನಿ, ಇಳಿಸ್ತೀನಿ” ಎಂದಾಗ ಬೆಂಚುಗಳೆಲ್ಲ ನಕ್ಕವು. ಪಾಸ್ಟರು ನಗಲಿಲ್ಲ. “ಹೆದರಿಕೊಂಡು ಹೋಗೋರ ಜೊತೆ ಒಬ್ಬ ಮನುಷ್ಯ ಹೋಗೋದು ಸಣ್ಣ ಕೆಲಸ ಅಲ್ಲಪ್ಪ” ಎಂದರು. ಆ ಮಾತನ್ನು ಅವನು ನೇಮಕಾತಿ ಪತ್ರದ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದ.

ಇನ್ನೊಂದು ನೇಮವನ್ನು ತಾನೇ ಹಾಕಿಕೊಂಡಿದ್ದ. ಡಾಕ್ಟರುಗಳು ಲಿಫ್ಟಿನಲ್ಲಿ ಇವನೂ ಒಂದು ಸ್ಟೂಲು ಎಂಬಂತೆ ಮಾತಾಡುತ್ತಿದ್ದರು. ಒಮ್ಮೆ ಅಂಥ ಮಾತು ಕೇಳಿ ಯಾರದೋ ಮನೆಯವರಿಗೆ “ನಾಳೆ ಮನೆಗೆ ಕಳಿಸ್ತಾರಂತೆ” ಎಂದು ಹೇಳಿದ್ದ. ಡಾಕ್ಟರು ಹೇಳಿದ್ದು ಬೇರೆ ಹಾಸಿಗೆಯವರ ವಿಷಯ. ಮನೆಯವರು ಬಟ್ಟೆಬರೆ ಕಟ್ಟಿಕೊಂಡು ಕೂತಿದ್ದರು. ಆ ದಿನ ಮೊಣಕಾಲೂರಿ ದೇವರಿಗೆ ಮಾತು ಕೊಟ್ಟ: ಈ ಪೆಟ್ಟಿಗೆಯಲ್ಲಿ ಕೇಳಿದ್ದು ಈ ಪೆಟ್ಟಿಗೆಯಲ್ಲೇ ಇರುತ್ತದೆ. ಅದಕ್ಕೆ ತಪ್ಪಿರಲಿಲ್ಲ, ಅವನ ಅಕ್ಕ ಎರಡನೆಯ ಮಹಡಿಯ ವಾರ್ಡಿಗೆ ಬಂದು ಮಲಗುವವರೆಗೆ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದವಳು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಹರಿದದ್ದನ್ನು ಸರಿಮಾಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವಳು. ನಾಲಿಗೆಯೂ ಕತ್ತರಿಯಷ್ಟೇ ಹರಿತ. ಹೊಟ್ಟೆಯಲ್ಲಿ ಗಡ್ಡೆ ಇದೆ, ಬುಧವಾರ ತೆಗೆಯುತ್ತಾರೆ, ಹದಿನೈದು ದಿನಕ್ಕೆ ಮನೆ ಎಂದು ಮಗ ಅವಳಿಗೆ ಹೇಳಿದ್ದ.

“ನಿನ್ನ ಕಿವಿ ಇಡೀ ಆಸ್ಪತ್ರೆ ಸುತ್ತಿ ಬರುತ್ತೆ” ಎಂದಳು ಅಕ್ಕ, ಸೇರಿದ ದಿನವೇ. “ನನ್ನ ವಿಷಯ ಏನಾದ್ರೂ ಗೊತ್ತಾದ್ರೆ ಹೇಳ್ಬೇಕು. ಮಾತು ಕೊಡು.”

“ಅಕ್ಕ, ನಾನು ಅಲ್ಲಿ ಕೇಳಿದ್ದನ್ನ...”

“ಗೊತ್ತು ಕಣೋ ನಿನ್ನ ಪೆಟ್ಟಿಗೆ ಪುರಾಣ. ಕೊಯ್ಸಿಕೊಂಡು ಉಪಯೋಗ ಇದ್ರೆ ಕೊಯ್ಯಲಿ. ಇಲ್ಲ ಅಂದ್ರೆ ಹಾಗೇ ಮನೆಗೆ ಕಳಿಸ್ಬಿಡಿ. ಹರಿದ ಬಟ್ಟೆಗೆ ಹೊಲಿಗೆ ಹಾಕ್ಬೋದು. ಸವೆದು ಪಿಸಿದು ಹೋಗಿರೋ ಬಟ್ಟೆಗೆ ಹಾಕಿದ್ರೆ ತೂತು ಜಾಸ್ತಿ ಆಗುತ್ತೆ, ಅಷ್ಟೆ. ಮೈಮೇಲೆ ಒಂದು ಗಾಯ ಇಲ್ದೆ ಬದುಕಿದೀನಿ, ಹಾಗೇ ಹೋಗ್ತೀನಿ.”

ಅವನು ಮಾತು ಕೊಟ್ಟ. ಅಕ್ಕ ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಇಬ್ಬರು ಡಾಕ್ಟರುಗಳು ನಾಲ್ಕನೆಯದರಲ್ಲಿ ಹತ್ತಿಕೊಂಡರು, ಒಬ್ಬರಿಗೆ ತಲೆ ನರೆತಿತ್ತು. “ಬುಧವಾರದ ಟೈಲರ್ ಅಜ್ಜಿ ಸ್ಕ್ಯಾನ್ ಫಿಲಂ ನೋಡಿದ್ರಾ?” ಎಂದು ಚಿಕ್ಕವರು ಕೇಳಿದರು. ನರೆತವರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. “ಎಲ್ಲಾ ಕಡೆ ಹರಡಿದೆ. ತೆರೆದ್ರೂ ಮುಚ್ಚೋದೇ. ಮಗ ಕೈಮುಗಿದು ಕೇಳ್ಕೊಂಡ, ಒಂದು ಸಲ ತೆಗೆದು ನೋಡಿ, ಅಮ್ಮನಿಗೆ ಮಾತ್ರ ಹೇಳ್ಬೇಡಿ ಅಂತ. ಏನು ಮಾಡೋಣ?” ಲಿಫ್ಟ್ ನೆಲಮಹಡಿಗೆ ಬಂದಿತ್ತು. ಮಹಡಿಯಪ್ಪ ಜಾಲರಿ ಎಳೆಯುವುದನ್ನು ಮರೆತು ನಿಂತ. “ಬಾಗಿಲಪ್ಪಾ” ಎಂದರು ನರೆತ ಡಾಕ್ಟರು.

ಈ ಸಲ ಹಾಸಿಗೆ ತಪ್ಪುವ ಮಾತೇ ಇರಲಿಲ್ಲ. ಬುಧವಾರಕ್ಕೆ ಇದ್ದ ಟೈಲರ್ ಅಜ್ಜಿ ಒಬ್ಬಳೇ.

ಅಂದು ಸಂಜೆ ವಾರ್ಡಿನ ಹೊರಗಿನ ನೀರಿನ ನಲ್ಲಿಯ ಹತ್ತಿರ ಅವನು ಅಕ್ಕನ ಮಗನನ್ನು ಹಿಡಿದ. ಮಗನಿಗೆ ಆಗಲೇ ತಿಳಿದಿದ್ದ ಸಂಗತಿಯಾದ್ದರಿಂದ ನೇಮ ಮುರಿದ ಹಾಗಾಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ.

“ಅವಳಿಗೆ ಹೇಳಪ್ಪಾ. ನಿನ್ನ ಬಾಯಿಂದಲೇ ಹೇಳು.”

ಸೋದರಳಿಯ ಬಾಟಲಿಗೆ ನೀರು ತುಂಬಿಸುತ್ತಲೇ ಇದ್ದ. ತುಂಬಿ ಹೊರಗೆ ಹರಿಯುತ್ತಿತ್ತು. “ಹೇಳಿದ್ರೆ ಅಮ್ಮ ಈಗಿಂದೀಗ್ಲೇ ಗಂಟು ಕಟ್ಕೊಂಡು ಹೊರಡ್ತಾಳೆ ಮಾಮ. ನೂರರಲ್ಲಿ ಒಂದು ಪಾಲು ಇದ್ರೂ ನಾನು ಬಿಡಲ್ಲ.”

“ಆ ಒಂದು ಪಾಲು ಇದೆ ಅಂತ ಹೇಳಿದ್ರಾ?”

“ಇಲ್ಲ ಅಂತ್ಲೂ ಹೇಳಿಲ್ಲ.” ಅಳಿಯ ಇವನ ಕಡೆ ತಿರುಗಿದ, “ನೀವು ದಿನಾ ಪ್ರಾರ್ಥನೆ ಮಾಡ್ತೀರಲ್ಲ. ಎಷ್ಟು ಪಾಲು ಇದೆ ಅಂತ ಕೇಳ್ಕೊಂಡು ಮಾಡ್ತೀರಾ?”

ಮಹಡಿಯಪ್ಪ ಕೈ ಚಾಚಿ ನಲ್ಲಿ ನಿಲ್ಲಿಸಿದ.

ಮಂಗಳವಾರ ಕೆಲಸ ಬಿಟ್ಟು ನೇರ ಪಾಸ್ಟರ ಮನೆಗೆ ಹೋದ. ಪಾಸ್ಟರಿಗೆ ಈಗ ಎಪ್ಪತ್ತು ದಾಟಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಮೇಜಿನ ಮೇಲಿನ ಚಹಾದ ಕಲೆಯನ್ನು ಬೆರಳಿನಿಂದ ಉಜ್ಜುತ್ತ ಕೂತರು.

“ಕೆಲಸದಲ್ಲಿ ಕೇಳಿದ್ದು ನಿನ್ನದಲ್ಲ, ಸರಿ. ಅಕ್ಕನಿಗೆ ಕೊಟ್ಟ ಮಾತು ನಿನ್ನದು, ಅದೂ ಸರಿ.”

“ಹಾಗಾದ್ರೆ ಏನು ಮಾಡ್ಲಿ ಪಾಸ್ಟರೇ?”

“ಇಪ್ಪತ್ತು ವರ್ಷದ ಹಿಂದೆ ಕೇಳಿದ್ದಿದ್ರೆ ಥಟ್ ಅಂತ ಹೇಳ್ತಿದ್ದೆ” ಎಂದರು ಪಾಸ್ಟರು. “ಈಗ ಗೊತ್ತಾಗ್ತಾ ಇಲ್ಲಪ್ಪ.”

ಇಬ್ಬರೂ ತಲೆಬಾಗಿಸಿ ಪ್ರಾರ್ಥನೆ ಮಾಡಿದರು. ಹೊರಟಾಗ ಪಾಸ್ಟರು ಬೀದಿಯ ತಿರುವಿನವರೆಗೂ ಅವನ ಜೊತೆ ಬಂದರು. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತಿದ್ದರು.

ವಾರ್ಡಿಗೆ ಹೋಗಿ ಹೇಳಿಬಿಡಬೇಕೆಂದು ತಿರುಗಿ ಆಸ್ಪತ್ರೆಗೆ ಬಂದದ್ದೂ ಹೌದು. ಅಕ್ಕ ಹಾಸಿಗೆಯ ಮೇಲೆ ಕೂತು, ಪಕ್ಕದ ಹಾಸಿಗೆಯವಳ ರವಿಕೆಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಮಗ ಅವಳ ಕಾಲ ಬಳಿ ಕೂತು ದಾರ ಹಿಡಿದಿದ್ದ. ಇವನನ್ನು ಕಂಡು ಅಕ್ಕ, “ಬಂದ ನೋಡು ದೊಡ್ಡ ಮನುಷ್ಯ, ದಿನಾ ಮೇಲೆ ಕೆಳಗೆ ಓಡಾಡ್ತಾನೆ, ಒಂದು ಊರೂ ತಲುಪಲ್ಲ” ಎಂದಳು. ವಾರ್ಡು ನಕ್ಕಿತು. ಅಳಿಯ ಮಾತ್ರ ತಲೆ ಎತ್ತಿ ಇವನ ಬಾಯಿಯನ್ನೇ ನೋಡುತ್ತಿದ್ದ. ಮಹಡಿಯಪ್ಪ ಬಾಳೆಹಣ್ಣು ಇಟ್ಟು ಬಂದುಬಿಟ್ಟ.

ಬುಧವಾರ ಬೆಳಗ್ಗೆ ಎಂಟೂವರೆಗೆ ಎರಡನೆಯ ಮಹಡಿಯ ಗಂಟೆ ಬಾರಿಸಿತು. ಜಾಲರಿ ಎಳೆದ. ಸ್ಟ್ರೆಚರಿನಲ್ಲಿ ಅಕ್ಕ. ತಲೆಯ ಕಡೆ ನರ್ಸು, ಕಾಲ ಕಡೆ ತಳ್ಳುವವನು. ಅಳಿಯ ಮೆಟ್ಟಿಲು ಹತ್ತಿ ಆಗಲೇ ನಾಲ್ಕನೆಯದರಲ್ಲಿ ಕಾಯುತ್ತಿದ್ದ. ಮಹಡಿಯಪ್ಪ ಸ್ಟೂಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಿಡಿ ಎಳೆದ. ಅಲ್ಲಿಂದ ನಾಲ್ಕನೆಯದಕ್ಕೆ ಮುಕ್ಕಾಲು ನಿಮಿಷ.

ಅಕ್ಕನ ಕಣ್ಣು ಆಗಲೇ ಮಂಪರಾಗಿತ್ತು, ವಾರ್ಡಿನಲ್ಲೇ ಚುಚ್ಚುಮದ್ದು ಕೊಟ್ಟಿದ್ದರು. ಆದರೂ ಅವನನ್ನು ಹುಡುಕಿ ನೋಡಿದಳು.

“ಪೆಟ್ಟಿಗೇಲಿ ಕೇಳಿದ್ದು ಪೆಟ್ಟಿಗೇಲೇ ಇರ್ಬೇಕು ಅಂತೀಯಲ್ಲ” ಎಂದಳು. ನಾಲಿಗೆ ಸ್ವಲ್ಪ ತೊದಲುತ್ತಿತ್ತು. “ಈಗ ನಾನೂ ಪೆಟ್ಟಿಗೇಲೇ ಇದೀನಿ. ಹೇಳು.”

ತಳ್ಳುವವನು ಏನೋ ತಮಾಷೆ ಎಂದು ಹಲ್ಲು ಬಿಟ್ಟ. ಮೂರನೆಯ ಮಹಡಿ ಜಾಲರಿಯ ಆಚೆ ಕೆಳಗಿಳಿದು ಹೋಯಿತು. ಮಹಡಿಯಪ್ಪ ಬಾಯಿ ತೆರೆದ. ಏನು ಹೇಳಬೇಕೆಂದು ತೆರೆದನೋ ಅವನಿಗೇ ಗೊತ್ತಿರಲಿಲ್ಲ. ಏನಿಲ್ಲ ಅಕ್ಕ ಎನ್ನಬೇಕೆಂದಿದ್ದನೋ, ದೇವರಿದಾನೆ ಎನ್ನಬೇಕೆಂದಿದ್ದನೋ. ಬಾಯಿಂದ ಬಿದ್ದದ್ದು ಬೇರೆ.

“ಮೇಲಕ್ಕೆ ಹೋಗ್ತಾ ಇದೀವಿ ಅಕ್ಕ.”

ಇಪ್ಪತ್ತಾರು ವರ್ಷ ಬೀಗ ಹಾಕಿಟ್ಟ ಮಾತು. ನರ್ಸು ಬೆಚ್ಚಿ ಅವನ ಕಡೆ ತಿರುಗಿದಳು. ಅವನ ನೇಮ ಅವಳಿಗೂ ಗೊತ್ತಿತ್ತು. ಅಕ್ಕ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವಳ ತುಟಿಯ ಒಂದು ಮೂಲೆ ಕೊಂಕಿತು, ಗಿರಾಕಿ ತಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಡುವಾಗಿನ ಹಾಗೆ.

“ಹೌದಾ” ಎಂದಳು. “ಹಾಗಾದ್ರೆ ಇಳಿಸ್ಬಿಡೋ.”

ಮಹಡಿಯಪ್ಪ ಹಿಡಿಯನ್ನು ನಡುವಿಗೆ ತಂದ. ಲಿಫ್ಟ್ ನಿಂತಿತು. ಜಾಲರಿಯ ಆಚೆ ಬರಿ ಗೋಡೆ.

“ಮತ್ತೆ ಕೆಟ್ಟು ನಿಂತ್ಕೊಳ್ತಾ?” ಎಂದಳು ನರ್ಸು.

“ಇಲ್ಲ ಸಿಸ್ಟರ್. ನಾನೇ ನಿಲ್ಲಿಸ್ದೆ. ಅವಳು ಬೇಡ ಅಂತಿದಾಳೆ.”

“ಇಂಜೆಕ್ಷನ್ ಆದ್ಮೇಲೆ ಎಲ್ರೂ ಏನೇನೋ ಅಂತಾರೆ ಮಹಡಿಯಪ್ಪ. ಸಹಿ ಆಗಿದೆ, ಮೇಲೆ ಡಾಕ್ಟರು ಕೈ ತೊಳ್ಕೊಂಡು ನಿಂತಿದಾರೆ.” ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. “ನೀವೇ ಕೇಳಿ ನೋಡಿ.”

ಅವನು ಬಗ್ಗಿ, “ಅಕ್ಕ, ನಿಜವಾಗ್ಲೂ ಇಳಿಸ್ಲಾ? ಅಕ್ಕ” ಎಂದ. ಇನ್ನೊಂದು ಸಲ ಕೇಳಿದ. ಅವಳ ಬಾಯಿ ಅರ್ಧ ತೆರೆದಿತ್ತು, ಉಸಿರು ನಿಧಾನವಾಗಿ ಬರುತ್ತಿತ್ತು. ನಿದ್ದೆ ಹತ್ತಿಬಿಟ್ಟಿತ್ತು. ಮೇಲಿನಿಂದ ಯಾರೋ ಜಾಲರಿ ಬಡಿಯುತ್ತಿದ್ದರು. “ಮಾಮ, ಏನಾಯ್ತು? ಮಾಮ” ಎಂದು ಅಳಿಯನ ದನಿ.

ಒಂದು ಕೈಯಲ್ಲಿ ಹಿಡಿ, ಕಂಕುಳಲ್ಲಿ ಸ್ಟೂಲು. ತಳ್ಳಿದರೆ ಇಳಿಯುತ್ತದೆ, ಎಳೆದರೆ ಹತ್ತುತ್ತದೆ. ಅಷ್ಟು ಅಧಿಕಾರ ಅವನಿಗೆ ಇತ್ತು. ಇಳಿಸಿದರೆ ಇನ್ನೊಬ್ಬರು ಹತ್ತಿಸುತ್ತಾರೆ ಎಂಬುದೂ ಗೊತ್ತಿತ್ತು. ಕರ್ತನೇ, ಎಂದ ಮನಸ್ಸಿನಲ್ಲಿ. ಮುಂದಿನ ಮಾತು ಹೊಳೆಯಲಿಲ್ಲ. ಗೋಡೆಯ ಮೇಲೆ ಯಾವ ಕಾಲದ್ದೋ ಸುಣ್ಣದ ಗೆರೆಯೊಂದಿತ್ತು, ಅದನ್ನು ನೋಡುತ್ತ ಹಿಡಿ ಎಳೆದ.

ಗಡ್ಡೆ ತೆಗೆಯುವುದಾದರೆ ನಾಲ್ಕು ಗಂಟೆ ಹಿಡಿಯುತ್ತದೆ ಎಂದು ಅಳಿಯನಿಗೆ ಹೇಳಿದ್ದರು. ಮಹಡಿಯಪ್ಪ ಅಷ್ಟರಲ್ಲಿ ಹಲ್ಲು ನೋವಿನ ಮುದುಕನನ್ನು, ಹೂವು ಹಿಡಿದು ಬಂದ ಗಂಡ ಹೆಂಡತಿಯನ್ನು, ಫೈಲುಗಳ ಗಾಡಿಯನ್ನು ಹತ್ತಿಸಿ ಇಳಿಸಿದ. ಪ್ರತಿಯೊಬ್ಬರನ್ನೂ “ಎಷ್ಟನೇ ಮಹಡಿ?” ಎಂದು ಕೇಳಿದ. ಒಂಬತ್ತೂ ಮುಕ್ಕಾಲಿಗೆ ನಾಲ್ಕನೆಯದರ ಗಂಟೆ ಬಾರಿಸಿದಾಗ, ಹೋಗುವ ಮುಂಚೆಯೇ ಯಾರೆಂದು ಅವನಿಗೆ ಗೊತ್ತಾಯಿತು. ತೆರೆದು, ನೋಡಿ, ಮುಚ್ಚಿದ್ದರು. ಅಕ್ಕ ಉಸಿರಾಡುತ್ತಿದ್ದಳು. ಅಳಿಯ ಸ್ಟ್ರೆಚರಿನ ಅಂಚು ಹಿಡಿದು ಒಳಗೆ ಬಂದ. ಇವನ ಮುಖ ನೋಡಲಿಲ್ಲ. ಎರಡನೆಯದು ಬಂದಾಗ ಗಾಲಿ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಇಬ್ಬರೂ ಒಟ್ಟಿಗೇ ಬಗ್ಗಿ ಅದನ್ನು ಎತ್ತಿದರು. ಬೆಳಗಿನ ಪ್ರಾರ್ಥನೆ ಅಕ್ಷರಕ್ಕೆ ಅಕ್ಷರ ಈಡೇರಿತ್ತು.

ಸಂಜೆ ಕೆಲಸ ಮುಗಿಸಿ ಅವನು ಹಾಸಿಗೆಯ ಪಕ್ಕ ಹೋಗಿ ಕೂತ. ಅಳಿಯ ಔಷಧಿ ಅಂಗಡಿಗೆ ಹೋಗಿದ್ದ. ಐದೂವರೆಯ ಹೊತ್ತಿಗೆ ಅಕ್ಕ ಕಣ್ಣು ತೆರೆದಳು. ಮೊದಲು ಚಾವಣಿ ನೋಡಿದಳು, ಆಮೇಲೆ ಕಿಟಕಿ, ಆಮೇಲೆ ಅವನನ್ನು.

“ಇಳಿಸಿದ್ಯಾ?” ಎಂದಳು.

“ಇಳಿಸಿದೆ ಅಕ್ಕ.”

“ಒಳ್ಳೇದಾಯ್ತು ಬಿಡು.” ಅವಳು ಕಣ್ಣು ಮುಚ್ಚಿಕೊಂಡಳು. ಮುಖ ಸಡಿಲವಾಯಿತು. ತಾನು ಹೇಳಿದ್ದು ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು, ನಿಜವಲ್ಲ ಎಂದೂ ಗೊತ್ತಿತ್ತು. ಅದನ್ನು ಸರಿಪಡಿಸಲು ಬಾಯಿ ತೆರೆಯುವಷ್ಟರಲ್ಲಿ ಹೊದಿಕೆಯ ಕೆಳಗೆ ಅವಳ ಕೈ ಅಲುಗಾಡಿತು. ಸೊಂಟದಿಂದ ಮೆಲ್ಲಗೆ ಹೊಟ್ಟೆಯ ಮೇಲಕ್ಕೆ ಹೋಯಿತು. ಅಲ್ಲಿ ನಿಂತಿತು. ಬೆರಳುಗಳು ಪಟ್ಟಿಯ ಅಂಚನ್ನು ಹುಡುಕಿ, ಅದರ ಉದ್ದಕ್ಕೂ ಮೇಲಿನಿಂದ ಕೆಳಗೆ ಹೋದವು, ಗೇಣಿಗೂ ಹೆಚ್ಚು.

ಮಹಡಿಯಪ್ಪ ನೆಲ ನೋಡುತ್ತ ಕೂತ. ಪಕ್ಕದ ಹಾಸಿಗೆಯವಳು, ಹೊಸ ಗುಂಡಿಯ ರವಿಕೆಯಲ್ಲಿ, ಇವರ ಕಡೆಯೇ ನೋಡುತ್ತಿದ್ದಳು.

ಅಕ್ಕ ಕಣ್ಣು ತೆರೆಯಲಿಲ್ಲ. “ಎಷ್ಟು ಹೊಲಿಗೆ ಹಾಕಿದಾರೆ?” ಎಂದು ಕೇಳಿದಳು.

“ಗೊತ್ತಿಲ್ಲ ಅಕ್ಕ” ಎಂದ ಅವನು.

“ಕೇಳ್ಕೊಂಡು ಬಾ” ಎಂದಳು. ಅವನು ಎದ್ದು ನರ್ಸಿನ ಮೇಜಿನ ಕಡೆ ಹೋದ.