ಮೊದಲ ತುತ್ತಿನ ಮಾತ್ರೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿಬಿಡುತ್ತೇವೆ. ಹಲ್ಲಿನ ಪಾಲಿನ ಕೆಲಸವನ್ನೂ ಹೊಟ್ಟೆಗೇ ವಹಿಸಿಬಿಡುವ ಈ ಊಟದಲ್ಲಿ ಒಂದು ಬಗೆಯ ಗಾಢ ವಿಶ್ವಾಸವಿದೆ ಎಂದು ನನಗೆ ಅನ್ನಿಸುವುದುಂಟು. ಆ ವಿಶ್ವಾಸವೇ ಕೂಟಗಲ್ಲಿನ ನಮ್ಮ ದೊಡ್ಡಮ್ಮನಿಗೆ ತೊಡಕಾಯಿತು, ಕೇಳಿ.

ದೊಡ್ಡಮ್ಮ ರೇಷ್ಮೆಹುಳು ಸಾಕುವವಳು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಎದ್ದ ವರ್ಷಗಳಲ್ಲಿ ಸೊಸೆ ಸುಜಾತ ಗಾರ್ಮೆಂಟ್ಸ್ ವ್ಯಾನು ಹತ್ತಿದಳು. ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಊಟವಾಗತೊಡಗಿತು. ಅದೇ ಕಾಲಕ್ಕೆ ದೊಡ್ಡಮ್ಮ ಮಂಕಾದಳು. ಮೈ ಊದಿತು, ದನಿ ಒಡೆಯಿತು, ಹುಳುವಿಗೆ ಸೊಪ್ಪು ಹಾಕುತ್ತಲೇ ತೂಕಡಿಸುವಳು. ರಾಮನಗರದ ಡಾಕ್ಟರು ರಕ್ತ ಪರೀಕ್ಷಿಸಿ, ಗಂಟಲಲ್ಲಿ ಚಿಟ್ಟೆಯಂತೆ ಕೂತಿರುವ ಥೈರಾಯ್ಡ್ ಗ್ರಂಥಿ ಸೊರಗಿದೆಯೆಂದು ಹೇಳಿ, ಅದು ಸುರಿಸಬೇಕಾದ ರಸವನ್ನೇ ಮಾತ್ರೆಯಾಗಿ ಬರೆದುಕೊಟ್ಟರು. ಮಾತ್ರೆಯ ಬಲ ಏರುತ್ತಾ ಹೋಯಿತು, ದೊಡ್ಡಮ್ಮ ಚೇತರಿಸಿಕೊಳ್ಳಲಿಲ್ಲ. ಗೂಡಿನ ಬೆಳೆಯೂ ಕೈಕೊಟ್ಟಿತು.

"ಸಾಕು ಬುಡಿ ಅತ್ತೆ, ಚಂದ್ರಿಕೆ ಮಾರ್ಬುಡಾಣ" ಎಂದಳು ಸುಜಾತ. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಗಳು ಹೋದರೆ ದೊಡ್ಡಮ್ಮನ ಪಾಲಿಗೆ ಉಳಿಯುವುದು ಮಂಚವೊಂದೇ.

ಕರುಳಿನ ಸೂಕ್ಷ್ಮಜೀವಿಗಳಿಗೂ ಆ ಗ್ರಂಥಿಗೂ ನಂಟಿದೆಯೆಂದು ಎಲ್ಲೋ ಓದಿದ್ದ ನಾನು ಪ್ರೊಬಯಾಟಿಕ್ ಕ್ಯಾಪ್ಸೂಲು ಹೊತ್ತು ಊರಿಗೆ ಹೋದೆ.

"ಏನ್ಲಾ ಮಗ ಇದು?"

"ಒಳ್ಳೇ ಜೀವಾಣು ದೊಡ್ಡಮ್ಮ, ಹೊಟ್ಟೇಲಿ ಬೆಳೀತವೆ."

"ಮನೇಲಿ ಸಾಕಿದ್ದು ಸಾಲ್ದು ಅಂತ ಹೊಟ್ಟೇಲೂ ಸಾಕ್ಲಾ? ಅವುಕ್ಕೆ ಸೊಪ್ಪು ಹಾಕೋರ್ ಯಾರು, ನೀನಾ?"

ಮರುದಿನ ಬೆಳಿಗ್ಗೆ ಅವಳ ಪಕ್ಕದಲ್ಲೇ ಉಣ್ಣಲು ಕುಳಿತೆ. ದೊಡ್ಡಮ್ಮ ಮುದ್ದೆ ಮುರಿದು, ಹೆಬ್ಬೆರಳಿನಿಂದ ತುತ್ತಿನಲ್ಲೊಂದು ಗುಳಿ ಮಾಡಿ, ಥೈರಾಯ್ಡ್ ಮಾತ್ರೆಯನ್ನು ಅದರೊಳಗೆ ಹುದುಗಿಸಿ, ಸಾರಿಗದ್ದಿ ಗುಳುಂ ಎನ್ನಿಸಿದಳು.

"ಅಯ್ಯೋ, ಖಾಲಿ ಹೊಟ್ಟೇಲಿ ತಗೋ ಅಂದಿರ್ಲಿಲ್ವಾ ಡಾಕ್ಟ್ರು?"

"ಇದೇ ಮೊದಲ್ನೇ ತುತ್ತು ಕಣಪ್ಪಾ. ಹಿಟ್ಟುಣ್ಣಾಕ್ ಮುಂಚೆ ಹೊಟ್ಟೆ ಖಾಲೀನೇ ಅಲ್ವಾ?"

ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಫೋನಿನಲ್ಲಿ ಇದನ್ನು ಕೇಳಿದ ಡಾಕ್ಟರು ನಕ್ಕರು. ರಾಗಿಯ ಜೊತೆಗೆ ಹೋದ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಬರೀ ನೀರಿನಲ್ಲಿ ನುಂಗಿ ಒಂದು ಗಂಟೆ ಸುಮ್ಮನಿರಬೇಕು, ನನ್ನ ಕ್ಯಾಪ್ಸೂಲು ಅದರ ಬದಲಿಯಲ್ಲ ಎಂದರು. ದೇಹವೆಂಬುದೊಂದು ತುಂಬಿದ ಮನೆ. ಕಾಣದ ಎಷ್ಟೋ ಜೀವಗಳು ಅಲ್ಲಿ ಒಕ್ಕಲಿವೆ. ಆ ಗದ್ದಲದಲ್ಲಿ ಹೊತ್ತರಿತು ಬಾರದ ನೆಂಟನನ್ನು ಯಾರು ಮಾತಾಡಿಸುತ್ತಾರೆ?

ಕಾಯುವುದಕ್ಕೆ ದೊಡ್ಡಮ್ಮ ಒಪ್ಪಲಿಲ್ಲ. ಒಪ್ಪಿಸಿದವಳು, ಮಾರೋಣವೆಂದಿದ್ದ ಸುಜಾತಳೇ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಕಳಚಿ ಮುಗಿಸಿದರೆ ಜ್ವರ ಎದ್ದಿತು ಎನ್ನುತ್ತಾರೆ. "ಜ್ವರ ಎದ್ದ ಹುಳುಕ್ಕೆ ಎದ್ದೇಟ್ಗೇ ಸೊಪ್ಪು ಹಾಕ್ತೀರಾ ಅತ್ತೆ? ಒಸಿ ಕಾಯಕಿಲ್ವಾ?"

ಮರುದಿನ ದೊಡ್ಡಮ್ಮ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಕಳೆದ ಮೇಲೆಯೇ ಮುದ್ದೆಗೆ ಕೈಹಾಕಿದಳು.

ಕೆಲವು ತಿಂಗಳ ಮೇಲೆ ನಾನು ಹೋದಾಗ, ಮಾರುತ್ತಾರೆಂಬ ಹಳೇ ಸುದ್ದಿ ನಂಬಿ ಚಂದ್ರಿಕೆ ಕೊಳ್ಳಲು ಮಾಗಡಿಯಿಂದ ಬಂದವನೊಬ್ಬ ಅಂಗಳದಲ್ಲಿ ಪೆಚ್ಚಾಗಿ ನಿಂತಿದ್ದ. ದೊಡ್ಡಮ್ಮ ಸೆರಗು ಸಿಕ್ಕಿಸಿ ಆ ತಟ್ಟಿಗಳನ್ನೆಲ್ಲ ತೊಳೆಯುತ್ತಿದ್ದಳು.

"ಮಾರ್ತೀವಿ ಅಂತ ಯಾರಪ್ಪ ಅಂದೋರು? ಮರಿಹುಳುಕ್ಕೆ ಹೇಳ್ಬುಟ್ ಬಂದಿವ್ನಿ, ನಾಡಿದ್ದು ಬತ್ತವೆ." ಆಮೇಲೆ ನನ್ನತ್ತ ತಿರುಗಿ, "ಬಾಯ್ ಬುಟ್ಕಂಡು ನೋಡ್ತೀಯಲ್ಲ, ಆ ತುದಿ ಹಿಡ್ಕೊ, ಬಿಸ್ಲಿಗಾಕಾಣ" ಎಂದಳು.